ಉದ್ದದ ಇಂಗ್ಲಿಷ್ ಪದ ಒಡೆಯಲು ಮೆರಿಯಮ್-ವೆಬ್‌ಸ್ಟರ್: ಚುಕ್ಕಿ ಬಿಡಿ, ಕೆಳಗಿನ ಸಾಲು ನೋಡಿ

ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿ ಬಗ್ಗೆ ಬರೆಯುತ್ತಿದ್ದೇನೆ. ದಪ್ಪ ಪುಸ್ತಕದ ಬಗ್ಗೆ ಅಲ್ಲ, ಫೋನಿನಲ್ಲಿ ದುಡ್ಡಿಲ್ಲದೆ ಸಿಗುವ ವೆಬ್‌ಸೈಟ್ ಮತ್ತು ಆ್ಯಪ್ ಬಗ್ಗೆ. ಅದರ ಎಲ್ಲ ಸೌಲಭ್ಯಗಳನ್ನೂ ಇಲ್ಲಿ ಹೇಳುವುದಿಲ್ಲ. ಒಂದೇ ಒಂದು ಕೆಲಸಕ್ಕೆ ಅದು ಹೇಗಿದೆ ಅಂತ ಹೇಳುತ್ತೇನೆ. ಉದ್ದದ ಇಂಗ್ಲಿಷ್ ಪದವನ್ನು ಒಡೆದು ಓದುವುದು, ಒಡೆದು ಅರ್ಥ ಮಾಡಿಕೊಳ್ಳುವುದು. ಆ ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ನಾನು ತಿಪಟೂರಿನಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತೇನೆ. ಬರುವವರು ಹೆಚ್ಚಾಗಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೈನ್ಸ್ ತಗೊಂಡ ಮಕ್ಕಳು, ಆಮೇಲೆ ನರ್ಸಿಂಗ್‌ಗೆ ಸೇರಿದ ಕೆಲವು ಹುಡುಗಿಯರು. ಈ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ. ದ್ಯುತಿಸಂಶ್ಲೇಷಣೆ ಅಂದರೇನು ಅಂತ ಕೇಳಿ, ಚಿತ್ರ ಬರೆದು ವಿವರಿಸುತ್ತಾರೆ. ಅದೇ ಪಾಠ ‘ಫೋಟೋಸಿಂಥೆಸಿಸ್’ ಅನ್ನೋ ಹೆಸರಲ್ಲಿ ಬಂದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ತಲೆ ಇಲ್ಲದೆ ಅಲ್ಲ. ಇಷ್ಟುದ್ದದ ಪದವನ್ನು ಎಲ್ಲಿಂದ ಹಿಡಿದುಕೊಳ್ಳಬೇಕು ಅಂತ ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೇ. ಇಂಥ ಮಕ್ಕಳನ್ನು ಇಟ್ಟುಕೊಂಡೇ ಈ ರಿವ್ಯೂ ಬರೆಯುತ್ತಿದ್ದೇನೆ.

ಮೊದಲು ಆ ಚುಕ್ಕಿಗಳ ವಿಷಯ. ಈ ಡಿಕ್ಷನರಿಯಲ್ಲಿ ಉದ್ದದ ಪದ ಹುಡುಕಿದರೆ ಸಾಮಾನ್ಯವಾಗಿ ಪದದ ಮಧ್ಯೆ ಸಣ್ಣ ಚುಕ್ಕಿಗಳು ಕಾಣುತ್ತವೆ. ಎಲ್ಲರೂ ಅಂದುಕೊಳ್ಳುವುದು ಅದು ಸಿಲಬಲ್ ಗುರುತು, ಅಂದರೆ ಬಾಯಲ್ಲಿ ಒಂದೇ ಸಲಕ್ಕೆ ಬರುವ ಉಚ್ಚಾರಣೆಯ ತುಂಡಿನ ಗುರುತು ಅಂತ. “ಮಿಸ್, ಚುಕ್ಕಿ ಇರೋ ಕಡೆ ನಿಲ್ಲಿಸಿ ಓದಬೇಕಾ?” ಅಂತ ಮಕ್ಕಳು ಕೇಳುತ್ತಾರೆ. ನಿಲ್ಲಿಸಬೇಕಾಗಿಲ್ಲ. ಆ ಚುಕ್ಕಿ ಇರುವುದು ಪ್ರೆಸ್ಸಿನವರಿಗಾಗಿ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಪದವನ್ನು ಮುರಿದು ಗೀಟು ಹಾಕಿ ಕೆಳಗಿನ ಸಾಲಿಗೆ ಇಳಿಸಬೇಕಾದಾಗ ಎಲ್ಲಿ ಮುರಿಯಬಹುದು ಅನ್ನುವುದನ್ನು ಅದು ಹೇಳುತ್ತದೆ. ಅದನ್ನು ಡಿಕ್ಷನರಿಯವರೇ ತಮ್ಮ ವಿವರಣೆಯಲ್ಲಿ ಹೇಳಿದ್ದಾರೆ. ಆದರೆ ವಿವರಣೆಯ ಪುಟ ಓದುವವರು ಯಾರು?

ಉದಾಹರಣೆಗೆ ‘ಎಬಿಲಿಟಿ’ ಪದ ನೋಡಿ. ಬಾಯಲ್ಲಿ ಹೇಳಿದರೆ ಅ-ಬಿ-ಲಿ-ಟಿ, ನಾಲ್ಕು ಸಿಲಬಲ್. ಡಿಕ್ಷನರಿಯ ಚುಕ್ಕಿ ಪ್ರಕಾರ ಅಬಿಲ್-ಇ-ಟಿ, ಮೂರೇ ತುಂಡು. ಯಾಕೆ ಅಂದರೆ ಮೊದಲಿನ ಒಂಟಿ ‘ಎ’ ಅಕ್ಷರವನ್ನು ಮೇಲಿನ ಸಾಲಲ್ಲಿ ಒಂದೇ ಬಿಟ್ಟು ಉಳಿದದ್ದನ್ನು ಕೆಳಗೆ ಹಾಕಿದರೆ ಅಚ್ಚಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಒಂದೇ ಅಕ್ಷರ ಉಳಿಯುವ ಹಾಗೆ ಇವರು ಚುಕ್ಕಿ ಹಾಕುವುದಿಲ್ಲ. ‘ಅಬೌಟ್’ ಪದಕ್ಕೆ ಎರಡು ಸಿಲಬಲ್ ಇದ್ದರೂ ಅಲ್ಲಿ ಚುಕ್ಕಿಯೇ ಇಲ್ಲ. ‘ವೆಜಿಟಬಲ್’ ಪದದ್ದು ತಿರುಗುಮುರುಗು. ಚುಕ್ಕಿ ಲೆಕ್ಕದಲ್ಲಿ ನಾಲ್ಕು ತುಂಡು, ಮಾತಿನಲ್ಲಿ ಸಾಮಾನ್ಯವಾಗಿ ಮೂರೇ: ವೆಜ್-ಟ-ಬಲ್.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆಯ ಒಂದು ಕೋಚಿಂಗ್ ಸೆಂಟರ್‌ನವರು ‘ವೊಕ್ಯಾಬುಲರಿ ಪ್ಯಾಕೇಜ್’ ಅಂತ ಜೆರಾಕ್ಸ್ ಪುಸ್ತಕ ಮಾಡಿ ದುಡ್ಡು ತಗೊಂಡು ಕೊಡುತ್ತಿದ್ದರು. ಹೆಸರು ಬೇಡ. ಆ ಪುಸ್ತಕದಲ್ಲಿ ಇಂಥ ಚುಕ್ಕಿಗಳನ್ನೇ ನಕಲು ಮಾಡಿ ‘ಹೀಗೆ ಬಿಡಿಸಿ ಉಚ್ಚರಿಸಿ’ ಅಂತ ಬರೆದಿದ್ದರು. ಒಂದು ಹುಡುಗಿ ಅದನ್ನು ನಂಬಿ ಅಬಿಲ್, ಇ, ಟಿ ಅಂತ ತುಂಡು ತುಂಡಾಗಿ ಬಾಯಿಪಾಠ ಮಾಡಿದ್ದಳು. ಮಗು ಕಷ್ಟಪಟ್ಟು ಕಲಿತದ್ದನ್ನು ಮರೆಸಬೇಕಾಗಿ ಬಂದರೆ ಎಷ್ಟು ಸಂಕಟ ಆಗುತ್ತದೆ ಅಂತ ಪಾಠ ಹೇಳುವವರಿಗೆ ಗೊತ್ತು.

ಹಾಗಾದರೆ ಓದಲು ಯಾವುದನ್ನು ನೋಡಬೇಕು? ಪದದ ಪಕ್ಕದಲ್ಲೋ ಕೆಳಗೋ ಉಚ್ಚಾರಣೆಯ ಸಾಲು ಇರುತ್ತದೆ, ಜೊತೆಗೆ ಸ್ಪೀಕರ್ ಗುರುತು. ಆ ಸಾಲಿನಲ್ಲೂ ಸಣ್ಣ ಗೀಟುಗಳಿವೆ. ಅವೇ ನಿಜವಾದ ಸಿಲಬಲ್ ಗಡಿಗಳು. ಒಂದು ಚೆಂದದ ಉದಾಹರಣೆ ‘ಹ್ಯಾಬಿಟ್’. ಚುಕ್ಕಿಯಲ್ಲಿ ಅದು ಹ್ಯಾಬ್-ಇಟ್. ಉಚ್ಚಾರಣೆಯ ಸಾಲಿನಲ್ಲಿ ಹ್ಯಾ-ಬಿಟ್. ಒಂದೇ ಪುಟ, ಒಂದೇ ಪದ, ಎರಡು ಬೇರೆ ಕಡೆ ಕತ್ತರಿ!

ಈ ಹ್ಯಾಬಿಟ್ ಪದಕ್ಕೆ ಒಂದು ಕಥೆಯೂ ಇದೆ. ನೋವಾ ವೆಬ್‌ಸ್ಟರ್ 1783ರಲ್ಲಿ ಅಮೆರಿಕದ ಮಕ್ಕಳಿಗಾಗಿ ಒಂದು ಸ್ಪೆಲ್ಲಿಂಗ್ ಪುಸ್ತಕ ತಂದ. ಆಗ ಅಲ್ಲಿ ಬಳಕೆಯಲ್ಲಿದ್ದದ್ದು ಇಂಗ್ಲೆಂಡಿನ ಡಿಲ್‌ವರ್ತ್ ಅನ್ನುವವನ ಪುಸ್ತಕ. ಅದರಲ್ಲಿ ಈ ಪದವನ್ನು ಹ್ಯಾ-ಬಿಟ್ ಅಂತಲೂ ‘ಕ್ಲಸ್ಟರ್’ ಅನ್ನು ಕ್ಲ-ಸ್ಟರ್ ಅಂತಲೂ ಒಡೆದಿದ್ದರು. ಅದು ತಪ್ಪು, ಮಕ್ಕಳು ಸರಿಯಾಗಿ ಉಚ್ಚರಿಸಬೇಕಾದರೆ ಹ್ಯಾಬ್-ಇಟ್, ಕ್ಲಸ್-ಟರ್ ಅಂತಲೇ ಒಡೆಯಬೇಕು ಅಂತ ವೆಬ್‌ಸ್ಟರ್ ವಾದ ಮಾಡಿದ. ಅವನ ದೊಡ್ಡ ಡಿಕ್ಷನರಿ ಬಂದದ್ದು 1828ರಲ್ಲಿ. ಅವನು ತೀರಿಕೊಂಡ ಮೇಲೆ 1843ರಲ್ಲಿ ಮೆರಿಯಮ್ ಸಹೋದರರು ಅದರ ಹಕ್ಕು ಕೊಂಡರು. ಕಂಪನಿ ಇವತ್ತಿಗೂ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದೆ. ಅಂದರೆ ಪದವನ್ನು ಎಲ್ಲಿ ಒಡೆಯಬೇಕು ಅನ್ನುವ ಜಗಳ ಈ ಡಿಕ್ಷನರಿಗಿಂತಲೂ ಹಳೆಯದು. ಇವತ್ತಿನ ಪುಟದಲ್ಲಿ ಎರಡೂ ಕಡೆಯವರ ವಾದಕ್ಕೆ ಒಂದೊಂದು ಜಾಗ ಸಿಕ್ಕಿದೆ.

ನಮ್ಮ ಮಕ್ಕಳ ಬಾಯಿಗೆ ಹ್ಯಾ-ಬಿಟ್ ತಾನಾಗೇ ಬರುತ್ತದೆ. ಯಾಕೆಂದರೆ ನಮ್ಮ ಲಿಪಿಯೇ ಹಾಗೆ ಒಡೆಯುತ್ತದೆ. ಕನ್ನಡದಲ್ಲಿ ವ್ಯಂಜನ ಮುಂದಿನ ಸ್ವರದ ಜೊತೆಗೆ ಹೋಗುತ್ತದೆ, ಅಕ್ಷರ ಅಕ್ಷರವಾಗಿ ಓದಿದರೆ ಹೆಚ್ಚುಕಡಿಮೆ ಸಿಲಬಲ್ ಆಗೇ ಇರುತ್ತದೆ. ಅದಕ್ಕೇ ನಮ್ಮ ಪೇಪರಿನ ಕಿರಿದಾದ ಕಾಲಂಗಳಲ್ಲಿ ಪದ ಯಾವ ಅಕ್ಷರದ ಹತ್ತಿರ ಮುರಿದು ಕೆಳಗೆ ಬಂದರೂ ಓದಲು ತೊಂದರೆ ಆಗುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದೊಡ್ಡ ಅನುಕೂಲ, ಇದನ್ನು ಯಾರೂ ಅವರಿಗೆ ಹೇಳುವುದೇ ಇಲ್ಲ. ಪದವನ್ನು ಒಂದು ಸಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದ ಅರ್ಧದಲ್ಲಿ ಎರಡು ತೊಂದರೆ. ಒಂದು, ಇಂಗ್ಲಿಷಿನಲ್ಲಿ ವ್ಯಂಜನಗಳು ಗುಂಪಾಗಿ ಬಂದು ಕೊನೆಯಲ್ಲಿ ಸ್ವರವೇ ಇಲ್ಲದೆ ನಿಲ್ಲುತ್ತವೆ. ‘ಸ್ಟ್ರೆಂತ್ಸ್’ ಪದಕ್ಕೆ ಒಂಬತ್ತು ಅಕ್ಷರ, ಸಿಲಬಲ್ ಒಂದೇ. ನಾವೋ ಬಸ್ಸು, ಕಾರು, ಬ್ಯಾಂಕು ಅಂತ ಕೊನೆಯಲ್ಲಿ ‘ಉ’ ಸೇರಿಸಿ ಒಂದು ಸಿಲಬಲ್ ಜಾಸ್ತಿ ಮಾಡಿಕೊಳ್ಳುತ್ತೇವೆ. ಕನ್ನಡ ಮಾತಾಡುವಾಗ ಅದೇ ಸರಿ, ಇಂಗ್ಲಿಷ್ ಓದುವಾಗ ಮಾತ್ರ ಲೆಕ್ಕ ತಪ್ಪುತ್ತದೆ.

ಎರಡನೆಯದು ಒತ್ತು. ಇದೇ ದೊಡ್ಡದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಸಿಲಬಲ್ ಜೋರಾಗಿ ಎದ್ದು ನಿಲ್ಲುತ್ತದೆ, ಉಳಿದವು ಕರಗಿಹೋಗುತ್ತವೆ. ಉಚ್ಚಾರಣೆಯ ಸಾಲಿನಲ್ಲಿ ಒಂದು ಸಿಲಬಲ್ ಮುಂದೆ ಮೇಲ್ಗಡೆ ಸಣ್ಣ ಗೆರೆ ಇರುತ್ತದೆ, ಅದೇ ಜೋರಿನ ಗುರುತು. ಕೆಳಗಡೆ ಗೆರೆ ಇದ್ದರೆ ಸ್ವಲ್ಪ ಜೋರು. ತಲೆಕೆಳಗಾದ ‘ಇ’ ಕಂಡರೆ ಅಲ್ಲಿ ಸ್ವರ ಕರಗಿದೆ, ಸಣ್ಣದಾಗಿ ‘ಅ’ ಅಂದರೆ ಸಾಕು. ಈಗ ಮೂರು ಪದ ಹುಡುಕಿ: ಫೋಟೋಗ್ರಾಫ್, ಫೋಟೋಗ್ರಾಫರ್, ಫೋಟೋಗ್ರಾಫಿಕ್. ನಮ್ಮ ಕಡೆ ಮೂರನ್ನೂ ‘ಫೋಟೋ’ ಅಂತಲೇ ಶುರು ಮಾಡುತ್ತೇವೆ. ಡಿಕ್ಷನರಿಯಲ್ಲಿ ಮೊದಲನೆಯದಕ್ಕೆ ಜೋರು ‘ಫೋ’ ಮೇಲೆ. ಎರಡನೆಯದಕ್ಕೆ ‘ಟಾ’ ಮೇಲೆ, ಅದು ಫ-ಟಾ-ಗ್ರ-ಫರ್. ಮೂರನೆಯದಕ್ಕೆ ‘ಗ್ರ್ಯಾ’ ಮೇಲೆ. ಬಾಲ ಬದಲಾದ ಹಾಗೆ ಜೋರು ಜಾಗ ಬದಲಾಯಿಸಿತು. ಇದಕ್ಕೆ ಒಂದು ಒಳ್ಳೆಯ ಸೂತ್ರ ಇದೆ. ಪದದ ಕೊನೆ ‘ಇಕ್’ ಅಥವಾ ‘ಶನ್’ ಇದ್ದರೆ ಜೋರು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನ ಸಿಲಬಲ್ ಮೇಲೆ: ಇಕ-ನಾ-ಮಿಕ್, ಸೈನ್-ಟಿ-ಫಿಕ್, ಎಜು-ಕೇ-ಶನ್. ‘ಲಜಿ’, ‘ಗ್ರಫಿ’ ಇದ್ದರೆ ಕೊನೆಯಿಂದ ಮೂರನೆಯದರ ಮೇಲೆ: ಬೈ-ಆ-ಲ-ಜಿ, ಜಿ-ಆ-ಗ್ರ-ಫಿ. ಇಷ್ಟು ಕಲಿತರೆ ಪಿಯುಸಿ ಸೈನ್ಸಿನ ಎಷ್ಟೋ ಪದಗಳು ಸರಿಯಾಗಿ ಬಾಯಿಗೆ ಬರುತ್ತವೆ. ಡಿಕ್ಷನರಿ ಈ ಸೂತ್ರವನ್ನು ಎಲ್ಲೂ ಒಟ್ಟಿಗೆ ಹೇಳಿಕೊಡುವುದಿಲ್ಲ, ಪದ ಪದಕ್ಕೆ ಗೆರೆ ತೋರಿಸುತ್ತದೆ. ಸೂತ್ರ ಹೇಳುವುದು ಮೇಷ್ಟ್ರ ಕೆಲಸ.

ಇನ್ನು ಅರ್ಥದ ತುಂಡುಗಳು. ನನಗೆ ಈ ಡಿಕ್ಷನರಿ ಮೇಲೆ ನಿಜವಾದ ಪ್ರೀತಿ ಇರುವುದು ಇಲ್ಲಿಯೇ.

ಪುಟದಲ್ಲಿ ಕೆಳಗೆ ಹೋದರೆ ‘ವರ್ಡ್ ಹಿಸ್ಟರಿ’ ಅಂತ ಒಂದು ಭಾಗ ಸಿಗುತ್ತದೆ. ಪದ ಯಾವ ಭಾಷೆಯಿಂದ ಬಂತು, ಯಾವ ಯಾವ ತುಂಡು ಸೇರಿ ಆಯಿತು, ಮೊದಲು ಯಾವಾಗ ಬಳಕೆಗೆ ಬಂತು ಅಂತ ಅಲ್ಲಿರುತ್ತದೆ. ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ. ‘ಹೆಲಿಕಾಪ್ಟರ್’ ಪದವನ್ನು ಹುಡುಕಿ ಅಲ್ಲಿಗೆ ಹೋಗಿ. ಎಲ್ಲರೂ ಅದನ್ನು ಹೆಲಿ ಮತ್ತು ಕಾಪ್ಟರ್ ಅಂತ ಒಡೆಯುತ್ತಾರೆ, ಅಲ್ವಾ? ಹೆಲಿಪ್ಯಾಡ್ ಪದ ಹುಟ್ಟಿದ್ದೂ ಹಾಗೆ ಒಡೆದೇ. ಆದರೆ ಮೂಲ ಗ್ರೀಕಿನಲ್ಲಿ ಅದು ಹೆಲಿಕೋ ಮತ್ತು ಪ್ಟೆರ್. ಹೆಲಿಕೋ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. ಸುರುಳಿ ರೆಕ್ಕೆ. 1861ರಲ್ಲಿ ಫ್ರಾನ್ಸಿನ ಪಾಂತಾಂ ದಾಮೆಕೂರ್ ಕಟ್ಟಿದ ಪದ ಅದು.

ಈಗ ಮೊದಲ ಪಿಯುಸಿ ಬಯಾಲಜಿ ತೆಗೆಯಿರಿ. ಶುರುವಿನಲ್ಲೇ ಒಂದು ಪಟ್ಟಿ ಇದೆ: ಮನುಷ್ಯ, ನೊಣ, ಮಾವು, ಗೋಧಿ, ಇವುಗಳ ವೈಜ್ಞಾನಿಕ ಹೆಸರು ಮತ್ತು ವರ್ಗ. ನೊಣದ ಸಾಲಿನಲ್ಲಿ ‘ಡಿಪ್ಟೆರಾ’ ಅಂತ ಇದೆ. ಮಕ್ಕಳು ಅದನ್ನು ಸುಮ್ನೆ ಉರು ಹೊಡೆಯುತ್ತಾರೆ. ಹೆಲಿಕಾಪ್ಟರ್ ಒಡೆದು ತೋರಿಸಿದ ಮೇಲೆ ‘ಡಿ’ ಅಂದರೆ ಎರಡು ಅಂತ ಹೇಳಿ ಸುಮ್ಮನೆ ಕೂತರೆ ಸಾಕು, “ಎರಡು ರೆಕ್ಕೆ!” ಅಂತ ಅವರೇ ಕೂಗುತ್ತಾರೆ. ನೊಣಕ್ಕೂ ಸೊಳ್ಳೆಗೂ ಬೇರೆ ಕೀಟಗಳ ಹಾಗೆ ನಾಲ್ಕಲ್ಲ, ಹಾರಲು ಎರಡೇ ರೆಕ್ಕೆ. ಪದದಿಂದಲೇ ಪಾಠ ಬಂತು. ಆಮೇಲೆ ಟೆರೊಡ್ಯಾಕ್ಟಿಲ್ ಅನ್ನೋ ಹಾರುವ ಪ್ರಾಣಿಯ ಸ್ಪೆಲ್ಲಿಂಗಿನಲ್ಲಿ ಪಿ ಯಾಕಿದೆ ಅನ್ನೋದೂ ಗೊತ್ತಾಗುತ್ತದೆ. ಅದೇ ರೆಕ್ಕೆ, ಜೊತೆಗೆ ಬೆರಳು. ಪದದ ಮೊದಲಲ್ಲಿ ಬಂದಾಗ ಆ ಪಿ ಬಾಯಿ ಬಿಡುವುದಿಲ್ಲ, ಹೆಲಿಕಾಪ್ಟರ್‌ನಲ್ಲಿ ಮಧ್ಯೆ ಬಂದಾಗ ಬಿಡುತ್ತದೆ.

ಇದೇ ಪದದಲ್ಲಿ ಇನ್ನೊಂದು ವಿಷಯವನ್ನೂ ತೋರಿಸಬಹುದು. ಹೇಳುವಾಗ ಹೆ-ಲಿ-ಕಾಪ್-ಟರ್. ಅರ್ಥದಲ್ಲಿ ಹೆಲಿಕೋ-ಪ್ಟರ್. ರೆಕ್ಕೆಯ ಪಿ ಅಕ್ಷರ ಹಿಂದಿನ ಸಿಲಬಲ್ಲಿಗೆ ಹೋಗಿ ಸೇರಿಕೊಂಡಿದೆ. ಸಿಲಬಲ್ ಬಾಯಿಯ ಲೆಕ್ಕ, ತುಂಡು ಅರ್ಥದ ಲೆಕ್ಕ, ಎರಡೂ ಹೊಂದಲೇಬೇಕು ಅಂತ ಇಲ್ಲ. ಕನ್ನಡದಲ್ಲೂ ಹಾಗೇ ತಾನೇ? ‘ಊರಿಂದ’ ಅನ್ನುವುದನ್ನು ಬಾಯಿ ಊ-ರಿಂ-ದ ಅಂತ ಒಡೆಯುತ್ತದೆ, ಅರ್ಥ ಊರ್ ಮತ್ತು ಇಂದ ಅಂತ ಒಡೆಯುತ್ತದೆ. ಈ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ‘ಡೆಮಾಕ್ರಸಿ’ ಪದವೂ ಹಾಗೇ. ಬಾಯಿಗೆ ಡಿ-ಮಾ-ಕ್ರ-ಸಿ, ಅರ್ಥಕ್ಕೆ ಡೆಮೋಸ್ ಅಂದರೆ ಜನ, ಕ್ರಸಿ ಅಂದರೆ ಆಳ್ವಿಕೆ. ‘ನಾಲೆಡ್ಜ್’ ಪದವನ್ನು ಸಾಲಿನ ಕೊನೆಯಲ್ಲಿ ಅಮೆರಿಕದವರು ಉಚ್ಚಾರಣೆ ನೋಡಿ ಎಲ್ ಆದ ಮೇಲೆ ಮುರಿಯುತ್ತಾರೆ, ಬ್ರಿಟಿಷ್ ಸಂಪ್ರದಾಯದಲ್ಲಿ ಮೂಲ ನೋಡಿ ‘ನೋ’ ಅಂದರೆ ತಿಳಿ ಅನ್ನುವ ತುಂಡಾದ ಮೇಲೆ ಮುರಿಯುತ್ತಿದ್ದರು. ಈ ಮುರಿಯುವ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದವರಲ್ಲಿ ಒಬ್ಬ ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ ಲಿಯಾಂಗ್, 1983ರಲ್ಲಿ. ವೆಬ್‌ಸ್ಟರ್ ಪಾಕೆಟ್ ಡಿಕ್ಷನರಿಯ ಪದಪಟ್ಟಿ ಇಟ್ಟುಕೊಂಡು 4,447 ಅಕ್ಷರ ಮಾದರಿಗಳನ್ನು ತೆಗೆದ, ಅಷ್ಟರಿಂದಲೇ ಮುರಿಯುವ ಜಾಗಗಳಲ್ಲಿ ಶೇಕಡಾ 89ರಷ್ಟು ಸಿಕ್ಕವು. ಪೂರ್ತಿ ನೂರು ಸಿಗಲಿಲ್ಲ. ಇಂಗ್ಲಿಷ್ ಅಷ್ಟು ಸುಲಭಕ್ಕೆ ಸೂತ್ರಕ್ಕೆ ಸಿಗುವ ಭಾಷೆ ಅಲ್ಲ.

ಸ್ಪೆಲ್ಲಿಂಗಿಗೂ ಈ ವರ್ಡ್ ಹಿಸ್ಟರಿ ಭಾಗ ತುಂಬ ಸಹಾಯ ಮಾಡುತ್ತದೆ. ‘ಅಕಾಮಡೇಟ್’ ಪದವನ್ನು ತಪ್ಪು ಬರೆಯದವರು ಕಡಿಮೆ. ಎರಡು ಸಿ, ಎರಡು ಎಂ, ಯಾಕೆ? ಡಿಕ್ಷನರಿ ಹೇಳುತ್ತದೆ, ಲ್ಯಾಟಿನ್ನಿನ ‘ಆ್ಯಡ್’, ಅದರ ಮುಂದೆ ‘ಕಾಂ’, ಅದರ ಮುಂದೆ ಅಳತೆ ಅನ್ನುವ ಅರ್ಥದ ‘ಮೋಡ್’. ಆ್ಯಡ್‌ನ ಡಿ ಮುಂದಿನ ಸಿ ಜೊತೆ ಸೇರಿ ತಾನೂ ಸಿ ಆಯಿತು. ಕಾಂ ಕೊನೆಯ ಎಂ, ಮೋಡ್ ಮೊದಲಿನ ಎಂ ಎರಡೂ ಉಳಿದವು. ಇದು ನಮ್ಮ ಮಕ್ಕಳಿಗೆ ಹೊಸದಲ್ಲ. ಸತ್ ಮತ್ತು ಜನ ಸೇರಿದರೆ ಸಜ್ಜನ, ತ ಹೋಗಿ ಜ ಆಯಿತು, ಶ್ಚುತ್ವ ಸಂಧಿ ಅಂತ ಹೈಸ್ಕೂಲಿನಲ್ಲೇ ಓದಿರುತ್ತಾರೆ. ‘ಇನ್’ ಅನ್ನುವ ಪ್ರಿಫಿಕ್ಸ್ ಪಾಸಿಬಲ್ ಮುಂದೆ ‘ಇಂ’ ಆಗುತ್ತದೆ, ಲೀಗಲ್ ಮುಂದೆ ‘ಇಲ್’ ಆಗುತ್ತದೆ, ರೆಗ್ಯುಲರ್ ಮುಂದೆ ‘ಇರ್’ ಆಗುತ್ತದೆ. ಅದಕ್ಕೇ ಇಲ್ಲೀಗಲ್‌ಗೆ ಎರಡು ಎಲ್, ಇರ್ರೆಗ್ಯುಲರ್‌ಗೆ ಎರಡು ಆರ್. ಕನ್ನಡ ವ್ಯಾಕರಣ ಓದಿ ಬಂದ ಮಗುವಿಗೆ ಇದನ್ನು ಸಂಧಿ ಬಿಡಿಸು ಅಂತ ಹೇಳಿದರೆ ಸಾಕು, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಿಂತ ಬೇಗ ಹಿಡಿದುಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಕೊರತೆ ಅಂತ ಅವರ ತಲೆಗೆ ತುಂಬುವವರ ಮೇಲೆ ನನಗೆ ಬಹಳ ಸಿಟ್ಟಿದೆ.

ನರ್ಸಿಂಗ್ ಹುಡುಗಿಯರಿಗಂತೂ ಈ ಡಿಕ್ಷನರಿ ದೊಡ್ಡ ಆಸ್ತಿ. ಮೆಡಿಕಲ್ ಪದಗಳಿಗೆ ಬೇರೆಯಾಗಿ ಅರ್ಥ ಕೊಟ್ಟಿದ್ದಾರೆ, ಅದಕ್ಕಿಂತ ಮುಖ್ಯ ಅಂದರೆ ತುಂಡುಗಳಿಗೂ ಬೇರೆ ಪುಟ ಇದೆ. ‘ಐಟಿಸ್’ ಅಂದರೆ ಉರಿಯೂತ. ಹೆಪಟೈಟಿಸ್, ಲಿವರ್ ಉರಿಯೂತ. ಆರ್ಥ್ರೈಟಿಸ್, ಕೀಲಿನದು. ಗ್ಯಾಸ್ಟ್ರೈಟಿಸ್, ಹೊಟ್ಟೆಯದು. ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು, ‘ಆಟಮಿ’ ಅಂದರೆ ಬರೀ ಕೊಯ್ಯುವುದು, ‘ಆಸ್ಟಮಿ’ ಅಂದರೆ ಹೊರಕ್ಕೆ ದಾರಿ ಮಾಡುವುದು. ಮೂರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ರೋಗಿಗೆ ಆಗುವುದು ಮೂರು ಬೇರೆ ಬೇರೆ. ‘ಕೋಲಿಸಿಸ್ಟೆಕ್ಟಮಿ’ ಪದವನ್ನು ನೋಡಿ ಒಬ್ಬಳು ಪುಸ್ತಕ ಮುಚ್ಚಿಟ್ಟಿದ್ದಳು. ಕೋಲಿ ಅಂದರೆ ಪಿತ್ತ, ಸಿಸ್ಟ್ ಅಂದರೆ ಚೀಲ, ಎಕ್ಟಮಿ ಅಂದರೆ ತೆಗೆಯುವುದು. ಪಿತ್ತಕೋಶ ತೆಗೆಯುವ ಆಪರೇಷನ್. ನಮ್ಮ ಪಿತ್ತಕೋಶ ಪದವೂ ಹಾಗೇ ಕಟ್ಟಿದ್ದು ಅಂತ ಅವಳೇ ಹೇಳಿದಳು. ಹೇಳುವಾಗ ಮಾತ್ರ ಸಿಸ್ಟ್‌ನ ಟಿ ಮುಂದಕ್ಕೆ ಜಾರುತ್ತದೆ: ಕೋ-ಲಿ-ಸಿಸ್-ಟೆಕ್-ಟ-ಮಿ.

‘ಓಟೋರೈನೋಲ್ಯಾರಿಂಗಾಲಜಿ’ ಅನ್ನುವುದು ಇಎನ್‌ಟಿ ವಿಭಾಗದ ಪೂರ್ತಿ ಹೆಸರು. ಓಟೋ ಕಿವಿ, ರೈನೋ ಮೂಗು, ಲ್ಯಾರಿಂಗ್ ಧ್ವನಿಪೆಟ್ಟಿಗೆ, ಉಳಿದದ್ದು ಶಾಸ್ತ್ರ. ರೈನೋ ಅಂದರೆ ಘೇಂಡಾಮೃಗ ಅಲ್ವಾ ಅಂತ ಕೇಳುತ್ತಾರೆ. ಹೌದು, ರೈನಾಸರಸ್ ಅಂದರೆ ಮೂಗಿನ ಮೇಲೆ ಕೊಂಬಿರುವುದು, ಅದೇ ಮೂಗು. ಇನ್ನು ‘ಹೈಪರ್’ ಜಾಸ್ತಿ, ‘ಹೈಪೋ’ ಕಡಿಮೆ. ಹೈಪರ್‌ಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ, ಹೈಪೋಗ್ಲೈಸೀಮಿಯಾ ಅಂದರೆ ಇಳಿದಿದೆ. ವಾರ್ಡಿನಲ್ಲಿ ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಜೀವಕ್ಕೇ ಅಪಾಯ. ಇದನ್ನು ಉರು ಹೊಡೆದು ಕಲಿಯಬಾರದು, ಬಿಡಿಸಿ ಅರ್ಥ ಮಾಡಿಕೊಂಡೇ ಕಲಿಯಬೇಕು.

ಮಜಾ ಬೇಕಾದರೆ 45 ಅಕ್ಷರದ ಪದವೊಂದಿದೆ: ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಬೇಕಂತಲೇ ಉದ್ದವಾಗಿ ಕಟ್ಟಿದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಅಂತ ಅರ್ಥ. 19 ಸಿಲಬಲ್. ತುಂಡು ಗೊತ್ತಿರುವ ಮಗು ಇದನ್ನು ನೋಡಿ ಹೆದರುವುದಿಲ್ಲ, ನಗುತ್ತಾ ಓದುತ್ತದೆ. ಇದನ್ನು ಓದಿದ ಮೇಲೆ ಫೋಟೋಸಿಂಥೆಸಿಸ್ ಯಾವ ಮಹಾ?

ಒಂದು ಎಚ್ಚರಿಕೆ ಹೇಳಬೇಕು. ಒಡೆಯುವ ರುಚಿ ಹತ್ತಿದ ಮೇಲೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಒಡೆಯಲು ಶುರು ಮಾಡುತ್ತಾರೆ. ‘ಕಾರ್ಪೆಟ್’ ಅನ್ನು ಕಾರ್ ಮತ್ತು ಪೆಟ್ ಅನ್ನುತ್ತಾರೆ, ‘ಫೀಮೇಲ್’ ಅನ್ನು ಮೇಲ್ ಮುಂದೆ ಏನೋ ಸೇರಿಸಿದ್ದು ಅನ್ನುತ್ತಾರೆ. ಎರಡೂ ಅಲ್ಲ. ಫೀಮೇಲ್ ಬಂದದ್ದು ಫ್ರೆಂಚಿನ ಫೆಮೆಲ್‌ನಿಂದ, ಮೇಲ್ ಜೊತೆ ಹೋಲಿಸಿ ಆಮೇಲೆ ಸ್ಪೆಲ್ಲಿಂಗ್ ಬದಲಾಯಿತು. ‘ಹ್ಯಾಂಬರ್ಗರ್’ ಪದದಲ್ಲಿ ಹ್ಯಾಂ ಅನ್ನುವ ಮಾಂಸ ಇಲ್ಲ, ಇರುವುದು ಹ್ಯಾಂಬರ್ಗ್ ಅನ್ನುವ ಊರು. ಜನ ತಪ್ಪಾಗಿ ಒಡೆದದ್ದರಿಂದಲೇ ಚೀಸ್‌ಬರ್ಗರ್, ವೆಜ್ ಬರ್ಗರ್ ಎಲ್ಲ ಹುಟ್ಟಿದವು. ಇದಕ್ಕಿಂತ ಗಂಭೀರವಾದದ್ದು ‘ಇನ್‌ಫ್ಲ್ಯಾಮಬಲ್’. ನಮ್ಮ ಹೈವೇಗಳಲ್ಲಿ ಪೆಟ್ರೋಲ್ ಟ್ಯಾಂಕರ್ ಹಿಂದೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ‘ಇನ್’ ಅಂದರೆ ಅಲ್ಲ ಅಂತ ಕಲಿತ ಮಗು ಇದನ್ನು ಬೆಂಕಿ ಹತ್ತದ್ದು ಅಂತ ಓದುತ್ತದೆ. ಇಲ್ಲಿರುವ ‘ಇನ್’ ಬೇರೆ, ಇದು ‘ಇನ್‌ಫ್ಲೇಮ್’ ಅಂದರೆ ಹೊತ್ತಿಸು ಅನ್ನುವುದರ ಭಾಗ. ಬೇಗ ಬೆಂಕಿ ಹತ್ತುತ್ತದೆ ಅಂತಲೇ ಅರ್ಥ. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದಲ್ಲಿ ‘ಫ್ಲ್ಯಾಮಬಲ್’ ಪದವನ್ನು ಮುಂದಕ್ಕೆ ತಂದರು. ಊಹೆ ಮಾಡಿ, ಆದರೆ ವರ್ಡ್ ಹಿಸ್ಟರಿಗೆ ಹೋಗಿ ಒಂದು ಸಲ ನೋಡಿಯೇ ನಂಬಿ ಅಂತ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಈಗ ಆ ಕಡಿಮೆ ಆದ ಒಂದು ಸ್ಟಾರ್. ಇದು ಅಮೆರಿಕದ ಡಿಕ್ಷನರಿ. ಉಚ್ಚಾರಣೆ ಅಮೆರಿಕದ್ದು, ಸ್ಪೆಲ್ಲಿಂಗೂ ಅಲ್ಲಿಯದೇ. ನಮ್ಮ ಪಠ್ಯಗಳಲ್ಲಿ ಬ್ರಿಟಿಷ್ ಸ್ಪೆಲ್ಲಿಂಗ್ ಇರುತ್ತದೆ. ಅನೀಮಿಯಾ, ಹೆಮರೇಜ್ ಇಂಥವನ್ನು ನಮ್ಮವರು ‘ಎ-ಇ’ ಜೋಡಿ ಹಾಕಿ ಬರೆಯುತ್ತಾರೆ. ಹಾಗೆ ಟೈಪ್ ಮಾಡಿದರೆ ‘ಇದು ಬ್ರಿಟಿಷ್ ರೂಪ’ ಅಂತ ಹೇಳಿ ಇನ್ನೊಂದು ಪುಟಕ್ಕೆ ಕಳಿಸುತ್ತಾರೆ. ಹೊಸಬರಿಗೆ ಅಲ್ಲೇ ಗಲಿಬಿಲಿ. ಉಚ್ಚಾರಣೆಗೆ ಇವರದ್ದೇ ಚಿಹ್ನೆಗಳ ಪದ್ಧತಿ ಇದೆ, ಬೇರೆ ಡಿಕ್ಷನರಿಗಳಲ್ಲಿ ಕಾಣುವ ಅಂತರರಾಷ್ಟ್ರೀಯ ಚಿಹ್ನೆಗಳಲ್ಲ. ಅದನ್ನು ಬೇರೆಯಾಗಿ ಕಲಿಯಬೇಕು. ಪುಕ್ಕಟೆ ಕೊಡುವುದರಿಂದ ಜಾಹೀರಾತು ಇರುತ್ತದೆ, ಸಣ್ಣ ಫೋನಿನಲ್ಲಿ ವರ್ಡ್ ಹಿಸ್ಟರಿವರೆಗೆ ಬೆರಳು ಸವೆಸಬೇಕು. ಅಲ್ಲಿ ಹೋದರೂ ಲ್ಯಾಟಿನ್, ಗ್ರೀಕ್, ಮಿಡಲ್ ಇಂಗ್ಲಿಷ್ ಅಂತ ಒತ್ತೊತ್ತಾಗಿ ಬರೆದಿರುತ್ತಾರೆ, ಪಿಯುಸಿ ಮಗು ಒಬ್ಬಂಟಿಯಾಗಿ ಓದುವುದು ಕಷ್ಟ. ದೊಡ್ಡವರು ಒಬ್ಬರು ಪಕ್ಕದಲ್ಲಿ ಕೂರಬೇಕು.

ಅದಕ್ಕೆ ಜೊತೆಯಾಗಿ ಎರಡು ಬೇರೆ ಸೈಟ್ ಬಳಸುತ್ತೇನೆ. ಬ್ರಿಟಿಷ್ ಉಚ್ಚಾರಣೆ ಕೇಳಲು ಕೇಂಬ್ರಿಡ್ಜ್ ಡಿಕ್ಷನರಿ. ಅದರಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಧ್ವನಿ ಇದೆ, ಚುಕ್ಕಿಗಳನ್ನು ಉಚ್ಚಾರಣೆಯ ಒಳಗೇ ಹಾಕಿರುವುದರಿಂದ ಅವು ನಿಜವಾದ ಸಿಲಬಲ್ ಚುಕ್ಕಿಗಳು. ತುಂಡುಗಳ ಕಥೆ ಸರಳವಾಗಿ ಓದಲು ಡಗ್ಲಸ್ ಹಾರ್ಪರ್ ಅನ್ನುವವರು ಕಟ್ಟಿದ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಒಬ್ಬ ಮನುಷ್ಯ ಶುರು ಮಾಡಿ ಬೆಳೆಸಿದ ಕೆಲಸ ಅಂತ ನಂಬುವುದೇ ಕಷ್ಟ, ಅಷ್ಟು ವಿವರ ಇದೆ. ಮೂರೂ ಉಚಿತ. ಜೆರಾಕ್ಸ್ ಪುಸ್ತಕಕ್ಕೆ ದುಡ್ಡು ಕೊಡುವ ಮೊದಲು ಅಪ್ಪ ಅಮ್ಮಂದಿರು ದಯವಿಟ್ಟು ಇವನ್ನು ಒಂದು ಸಲ ತೆರೆದು ನೋಡಿ.

ನಾನು ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಪದಕ್ಕೆ ಎರಡು ಸಾಲು ಬರೆಸುತ್ತೇನೆ. ಒಂದು ಬಾಯಿಯ ಸಾಲು, ಕನ್ನಡ ಅಕ್ಷರದಲ್ಲಿ, ಜೋರಿನ ಸಿಲಬಲ್ ಕೆಳಗೆ ಗೆರೆ. ಇನ್ನೊಂದು ಅರ್ಥದ ಸಾಲು, ತುಂಡು ತುಂಡಾಗಿ, ಪ್ರತಿ ತುಂಡಿಗೂ ಕನ್ನಡ ಅರ್ಥ. ಚುಕ್ಕಿಗಳನ್ನು ಬರೆದುಕೊಳ್ಳುವುದೇ ಇಲ್ಲ. ಆ್ಯಪ್‌ನಲ್ಲಿ ತುಂಡನ್ನೇ ಹುಡುಕುವುದಾದರೆ ಜೊತೆಗೆ ಸಣ್ಣ ಗೀಟು ಹಾಕಿ ಟೈಪ್ ಮಾಡಿ. ಎಕ್ಟಮಿ ಥರ ಕೊನೆಗೆ ಬರುವ ತುಂಡಾದರೆ ಗೀಟು ಮುಂಚೆ, ಹೆಪಟ್ ಥರ ಮೊದಲಿಗೆ ಬರುವುದಾದರೆ ಗೀಟು ಆಮೇಲೆ.